ಸೊನ್ನೆ ವಾಟಿನ ಕಳ್ಳ

"ಕಳ್ಳ ಸಿಕ್ಕಿಬಿದ್ದ!" ಎನ್ನುತ್ತಾ ಸೀನ ಜಗಲಿ ಹತ್ತಿದ. ಒಂದು ಕೈಯಲ್ಲಿ ಮಲ್ಟಿಮೀಟರ್, ಇನ್ನೊಂದರಲ್ಲಿ ಕೆಂಪು ಬಣ್ಣದ ಜೀರೋ ಬಲ್ಬ್.

"ಏನು ಕದ್ದ?" ವೆಂಕಣ್ಣ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಯೂನಿಟ್ಟು! ಹೋದ ತಿಂಗಳು ನಮ್ಮ ಮನೆಗೆ 199, ಈ ತಿಂಗಳು 203. ಇನ್ನೂರು ದಾಟಿತೆಂದು ಗೃಹಜ್ಯೋತಿ ಆರಿಹೋಯಿತು. ಮೂರು ಯೂನಿಟ್ ಹೆಚ್ಚಾದದ್ದಕ್ಕೆ ಇನ್ನೂರ ಮೂರಕ್ಕೂ ದುಡ್ಡು ಕಟ್ಟಬೇಕು. ಹುಡುಕುತ್ತಾ ಹೋದೆ. ಹಜಾರದಲ್ಲಿ ಇವನಿದ್ದ. ಕರೆಂಟಿಗೆ ಇವನು ಒಡ್ಡುವ ರೋಧ ಅಳೆದೆ, 400 ಓಮ್. ಮನೆಯ ವೋಲ್ಟೇಜ್ 230, ಅದರ ವರ್ಗ 52,900. ಅದನ್ನು 400ರಿಂದ ಭಾಗಿಸಿದರೆ 132 ವಾಟ್! ಅಂಗಡಿಯವನು ಸೊನ್ನೆ ಎಂದು ಕೊಟ್ಟ ಬಲ್ಬ್ ಇದು."

"ಸೊನ್ನೆ ಎಂದು ಹೇಳಿದ್ದನ್ನು ನಂಬಿ ದುಡ್ಡು ಕೊಟ್ಟೆಯಲ್ಲ, ಮೊದಲು ನಿನ್ನನ್ನು ಅಳೆಯಬೇಕು" ಎಂದ ವೆಂಕಣ್ಣ. "ವಾಟ್ ಸೊನ್ನೆಯಾದರೆ ರೋಧ ಅನಂತ. ಅನಂತದೊಳಗೆ ಬೆಳಕು ಕಾಣುವುದು ಋಷಿಗಳಿಗೆ ಮಾತ್ರ."

ಮೂಲೆಯಲ್ಲಿ ಕಾಫಿ ಆರಿಸಿಕೊಳ್ಳುತ್ತಿದ್ದ ಮೂರ್ತಿಗಳು ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಕಂಬ ಹತ್ತಿದವರು. ಯಾರಾದರೂ ತಪ್ಪು ಲೆಕ್ಕ ಹೇಳಿದರೆ ಅವರಿಗೆ ಶಾಕ್ ಹೊಡೆದಂತಾಗುತ್ತದೆ.

"ಬಲ್ಬ್ ಉರಿಯುತ್ತಿತ್ತೋ, ತಣ್ಣಗಿತ್ತೋ?"

"ಬಿಚ್ಚಿ ತಂದು ಅಳೆದೆ. ತಣ್ಣಗೇ ಇತ್ತು."

"ಅದೇ ತಪ್ಪು. ತಣ್ಣಗಿರುವ ಫಿಲಮೆಂಟಿನ ರೋಧ ಕಡಿಮೆ. ಕಾದು ಬೆಳಗಿದರೆ ಅದೇ ತಂತಿ ಎಂಟೊಂಬತ್ತು ಪಟ್ಟು, ದೊಡ್ಡ ಬಲ್ಬಿನಲ್ಲಿ ಹತ್ತು ಪಟ್ಟಿಗೂ ಹೆಚ್ಚು ಅಡ್ಡಗಾಲು ಹಾಕುತ್ತದೆ. ಹಾಗೆಂದು ಉರಿಯುವ ಬಲ್ಬಿಗೆ ಮೀಟರಿನ ಓಮ್ ಹಚ್ಚಬೇಡ, ಮೀಟರ್ ಹೋದೀತು. ಎಷ್ಟು ಆಂಪಿಯರ್ ಹರಿಯುತ್ತಿದೆ ನೋಡು. ವೋಲ್ಟನ್ನು ಅದರಿಂದ ಭಾಗಿಸಿದರೆ ರೋಧ, ಗುಣಿಸಿದರೆ ವಾಟ್."

"ಅದಕ್ಕೇನು, ಈಗಲೇ ನೋಡೋಣ." ಸೀನ ಜೇಬಿನಿಂದ ಬಿಳಿಯ ಡಬ್ಬಿಯೊಂದನ್ನು ತೆಗೆದ. ಸ್ಮಾರ್ಟ್ ಪ್ಲಗ್, ತನಗೆ ಸಿಕ್ಕಿಸಿದ ಯಂತ್ರ ಎಷ್ಟು ಕರೆಂಟ್ ತಿನ್ನುತ್ತದೆಂದು ಮೊಬೈಲಿಗೆ ಹೇಳುವಂಥದ್ದು. ವೆಂಕಣ್ಣನ ಮುಖ ಹಾಗಲಕಾಯಿಯಾಯಿತು.

"ಬಂತು ನೋಡಿ! ಹಿಂದೆ ಮನೆಗೆ ಹೋದರೆ ಮಕ್ಕಳ ಕೈಯಲ್ಲಿ ಹಾಡು ಹೇಳಿಸುತ್ತಿದ್ದರು. ಈಗ ಫ್ರಿಜ್ಜಿನ ಗ್ರಾಫ್ ತೋರಿಸುತ್ತಾರೆ. ಮೊನ್ನೆ ಇವನು ಮದುವೆ ಊಟದ ಪಂಕ್ತಿಯಲ್ಲಿ ಕುಳಿತು, ಎಲೆಗೆ ಹೋಳಿಗೆ ಬಿದ್ದದ್ದನ್ನೂ ನೋಡದೆ, ಮೊಬೈಲಿನಲ್ಲಿ ಗೀಸರ್ ನೋಡುತ್ತಿದ್ದ."

"2,000 ವಾಟಿನ ಗೀಸರ್ 970 ತೋರಿಸುತ್ತಿತ್ತು! ಗಾಬರಿಯಾಗುವುದಿಲ್ಲವೇ?"

"ವೋಲ್ಟೇಜ್ 160ಕ್ಕೆ ಇಳಿದಿರಬೇಕು" ಎಂದರು ಮೂರ್ತಿಗಳು. "ನಿನ್ನ ಗೀಸರಿನ ರೋಧ ಇಪ್ಪತ್ತಾರೂವರೆ ಓಮ್, ಅದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ವೋಲ್ಟೇಜ್ ಇಳಿದರೆ ಹರಿಯುವುದೂ ಇಳಿಯುತ್ತದೆ. ಎರಡೂ ಸೇರಿ ಇಳಿಯುವುದರಿಂದ ವಾಟ್ ಅರ್ಧಕ್ಕೂ ಕೆಳಗೆ ಬರುತ್ತದೆ."

"ಅದಕ್ಕೆ ಬೆರಳದ್ದಿ ನೋಡಿದರೆ ಸಾಕಾಗಿತ್ತು" ಎಂದ ವೆಂಕಣ್ಣ. "ಅಲ್ಲ, ಈ ನಿಯಮ ಹೇಳಿದವನು ಓಮ್. ಬೀಗ ಮಾಡುವವನ ಮಗ, ಜರ್ಮನಿಯ ಶಾಲಾ ಮೇಷ್ಟ್ರು. 1827ರಲ್ಲಿ ಪುಸ್ತಕ ಬರೆದರೆ ಅವನ ದೇಶದಲ್ಲೇ ಕೇಳುವವರಿರಲಿಲ್ಲ. ಪದಕ ಕೊಡುವುದಕ್ಕೆ ಲಂಡನ್ನಿನವರು ಬೇಕಾಯಿತು, ಅದೂ 1841ರಲ್ಲಿ. ಎಲ್ಲರಿಗಿಂತ ಹೆಚ್ಚು ರೋಧ ಉಂಡವನು ಅವನೇ. ನಮ್ಮ ಓಂಕಾರಕ್ಕೂ ಅವನಿಗೂ ಸಂಬಂಧವಿಲ್ಲ, ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ."

ಅಷ್ಟರಲ್ಲಿ ಸೀನ ಬಲ್ಬ್ ಹಚ್ಚಿದ್ದ. "0.065 ಆಂಪಿಯರ್. 15 ವಾಟ್." ಅವನ ದನಿ ಕುಸಿಯಿತು. "ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಆದರೂ ಕಳ್ಳನೇ ತಾನೇ?"

"ಹೋದ ತಿಂಗಳೂ ಉರಿಯುತ್ತಿತ್ತಲ್ಲವೇ?" ಒಳಗಿನಿಂದ ಪದ್ದಕ್ಕ ಕೇಳಿದರು. "ಆಗ 199 ಹೇಗಾಯಿತು? ಈ ತಿಂಗಳು ಹೊಸದಾಗಿ ಏನು ತಂದೆ, ಅದನ್ನು ಹೇಳು."

"ಏನೂ ಇಲ್ಲ ಪದ್ದಕ್ಕ. ಈ ಪ್ಲಗ್‌ಗಳು, ಅಷ್ಟೇ. ಆರು."

ಮೂರ್ತಿಗಳು ಅದನ್ನು ಮುಟ್ಟಿ ನೋಡಿದರು. "ಬೆಚ್ಚಗಿದೆ. ಹಗಲೂ ರಾತ್ರಿ ವೈಫೈ ಹಿಡಿದುಕೊಂಡಿರಬೇಕಲ್ಲ, ಒಂದು ವಾಟಿನಷ್ಟಾದರೂ ತಿನ್ನುತ್ತದೆ. ಆರು ವಾಟ್, ಇಪ್ಪತ್ತನಾಲ್ಕು ಗಂಟೆ, ಮೂವತ್ತು ದಿನ."

ಸೀನ ಮೊಬೈಲಿನಲ್ಲಿ ಗುಣಿಸಿದ. ಮತ್ತೊಮ್ಮೆ ಗುಣಿಸಿದ. 4.32.

ವೆಂಕಣ್ಣ ಪತ್ರಿಕೆಯನ್ನು ಮಡಚಿಟ್ಟ. ಇಂತಹ ಗಳಿಗೆಗಾಗಿ ಅವನು ತಿಂಗಳಿಂದ ಕಾದಿದ್ದ. "ಉಗ್ರಾಣದಲ್ಲಿ ಅಕ್ಕಿ ಕಡಿಮೆಯಾಗುತ್ತಿದೆ ಎಂದು ಆರು ಜನ ಕಾವಲುಗಾರರನ್ನು ಇಟ್ಟೆ. ಊಟ ಮಾತ್ರ ಉಗ್ರಾಣದಲ್ಲೇ ಎಂದು ಒಪ್ಪಂದ. ಪಾಪ, ಅವರೂ ಪ್ರಾಮಾಣಿಕರು. ಯಾರು ಎಷ್ಟು ತಿಂದರೆಂದು ಪೈಸೆ ಬಿಡದೆ ಬರೆದಿಡುತ್ತಾರೆ. ತಾವು ಉಂಡದ್ದನ್ನು ಬಿಟ್ಟು."

ಸೀನ ಮಾತನಾಡಲಿಲ್ಲ. ಬಲ್ಬನ್ನು ತಿರುವಿ ತಿರುವಿ ನೋಡುತ್ತಿದ್ದ.

"ಹಜಾರಕ್ಕೆ ಅದನ್ನು ಹಾಕಿದವರು ಯಾರು?"

"ಅಪ್ಪ. ರಾತ್ರಿ ಎರಡು ಸಲ ಏಳುತ್ತಿದ್ದರಲ್ಲ."

"ಈಗ?"

"ಈಗ ಏಳುವವರಿಲ್ಲ. ಆದರೂ ಅಮ್ಮ ಎಂಟು ಗಂಟೆಗೆ ಹೋಗಿ ಸ್ವಿಚ್ ಹಾಕಿ ಬರುತ್ತಾಳೆ. ಇವತ್ತು ಬಿಚ್ಚಿದ್ದು ಅವಳಿಗೆ ಗೊತ್ತಿಲ್ಲ."

ಕಾಫಿ ಪೂರ್ತಿ ಆರಿತ್ತು. ಮೂರ್ತಿಗಳು ಅದನ್ನೇ ಕುಡಿದರು. "ಜೀರೋ ಎಂಬ ಹೆಸರು ಸುಳ್ಳಲ್ಲ ಮಾರಾಯ" ಎಂದರು. "ಹಳೆಯ ಮೀಟರಿನೊಳಗೆ ಒಂದು ತಟ್ಟೆ ತಿರುಗುತ್ತಿತ್ತು, ನೆನಪಿದೆಯೇ? ಮನೆಯಲ್ಲಿ ಎಲ್ಲ ಆರಿಸಿ ಇದೊಂದನ್ನೇ ಹಚ್ಚಿದರೆ ಎಷ್ಟೋ ಮನೆಗಳಲ್ಲಿ ಆ ತಟ್ಟೆ ಅಲ್ಲಾಡುತ್ತಿರಲಿಲ್ಲ. ಹೊಸ ಮೀಟರ್ ಎಲ್ಲವನ್ನೂ ಎಣಿಸುತ್ತದೆ."

"ಆ ಮೀಟರಿಗೆ ಕಣ್ಣು ಮಂಜಾಗಿತ್ತು" ಎಂದ ವೆಂಕಣ್ಣ. "ಹಜಾರದಲ್ಲಿ ಯಾರೋ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಾರೆ, ಹೋಗಲಿ ಬಿಡು ಎನ್ನುತ್ತಿತ್ತು."

ಸೀನ ಗಡಿಯಾರ ನೋಡಿ ಎದ್ದ. ಏಳೂಮುಕ್ಕಾಲು. ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಮೆಟ್ಟಿಲು ಇಳಿಯುವಾಗ ಮೊಬೈಲ್ ಟಿಣ್ ಎಂದಿತು.

"ಅಯ್ಯೋ, ಫ್ರಿಜ್ಜಿನ ಪ್ಲಗ್ ಉತ್ತರ ಕೊಡುತ್ತಿಲ್ಲವಂತೆ!"

"ಊಟಕ್ಕೆ ಕೂತಿರಬೇಕು" ಎಂದ ವೆಂಕಣ್ಣ. "ಕೈ ತೊಳೆದ ಮೇಲೆ ಹೇಳುತ್ತಾನೆ, ನೀನು ನಡೆ."