ಗೆಲಾಕ್ಸಿಗಳ ಅಕ್ಷ ಎಳೆಗೆ ಅಡ್ಡವೋ ನೇರವೋ? ನನ್ನ ಲೆಕ್ಕದಲ್ಲಿ 57 ಡಿಗ್ರಿ ಬರುತ್ತಿದೆ

ಬುಗುರಿಪ್ರಿಯ:
ಗೆಲಾಕ್ಸಿಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿಲ್ಲ, ಜೇಡರ ಬಲೆಯ ಹಾಗೆ ಉದ್ದುದ್ದ ಎಳೆಗಳಲ್ಲಿ ಸಾಲುಗಟ್ಟಿವೆ. ಆ ಎಳೆ ಯಾವ ಕಡೆ ಚಾಚಿದೆ ಅನ್ನುವುದಕ್ಕೂ ಅದರೊಳಗಿನ ಗೆಲಾಕ್ಸಿ ಯಾವ ಅಕ್ಷದ ಮೇಲೆ ತಿರುಗುತ್ತದೆ ಅನ್ನುವುದಕ್ಕೂ ನಂಟಿದೆ ಎಂದು ಓದಿದೆ. ಸುಮ್ನೆ ಓದಿ ಬಿಡುವುದೇಕೆ, ನಾನೇ ನೋಡೋಣ ಅಂತ ಸ್ಲೋನ್ ಸರ್ವೇಯ (ಆಕಾಶದ ದೊಡ್ಡ ಭಾಗದ ಗೆಲಾಕ್ಸಿಗಳನ್ನು ಅಳೆದು ಪಟ್ಟಿ ಮಾಡಿದ ಸಮೀಕ್ಷೆ) ಡೇಟಾ ಇಳಿಸಿಕೊಂಡೆ. ಒಂದು ಎಳೆಯಲ್ಲಿರುವ 40 ಸುರುಳಿ ಗೆಲಾಕ್ಸಿಗಳನ್ನು ಆರಿಸಿ, ಒಂದೊಂದರ ಉದ್ದ ಅಗಲ ನೋಡಿ ಅದು ಎಷ್ಟು ವಾಲಿದೆ ಎಂದು ತೆಗೆದು, ಅಕ್ಷಕ್ಕೂ ಎಳೆಗೂ ನಡುವಿನ ಕೋನ ಲೆಕ್ಕ ಹಾಕಿದೆ. ಸರಾಸರಿ 57 ಡಿಗ್ರಿ ಬಂತು.

ನಂಟೇ ಇಲ್ಲದಿದ್ದರೆ 45 ಬರಬೇಕಿತ್ತು ಅಲ್ವಾ? ಹಾಗಾದರೆ ಇವು ಎಳೆಗೆ ಅಡ್ಡವಾಗಿಯೇ ವಾಲಿವೆ. ಆದರೆ ಸಂಶೋಧನಾ ಪೇಪರ್‌ಗಳು ಉಲ್ಟಾ ಹೇಳುತ್ತವೆ, ಸುರುಳಿ ಗೆಲಾಕ್ಸಿಗಳ ಅಕ್ಷ ಎಳೆಯ ಉದ್ದಕ್ಕೇ ಇರುತ್ತದಂತೆ. ಎಲ್ಲಿ ಎಡವಿದೆ?

ಮೂಲೆಮನೆ ದುರ್ಬೀನು:
ಎಡವಿದ್ದು 45ರಲ್ಲಿ. ಒಂದು ಭೂಗೋಳ ಹಿಡಿದುಕೊಳ್ಳಿ. ಎಳೆ ಎರಡು ಧ್ರುವಗಳ ಮೂಲಕ ಹಾದುಹೋಗಿದೆ ಎಂದುಕೊಳ್ಳಿ. ಗೆಲಾಕ್ಸಿಯ ಅಕ್ಷ ಗೋಳದ ಮೇಲೆ ಎಲ್ಲಾದರೂ ಒಂದು ಕಡೆ ಬೊಟ್ಟು ಮಾಡುತ್ತದೆ. ಧ್ರುವದ ಹತ್ತಿರ ಜಾಗ ಎಷ್ಟಿದೆ? ಒಂದು ಸಣ್ಣ ಟೋಪಿಯಷ್ಟು. ಸಮಭಾಜಕದ ಸುತ್ತ? ದೊಡ್ಡ ಪಟ್ಟಿ. ಹಾಗಾಗಿ ಕಣ್ಣು ಮುಚ್ಚಿ ಬೊಟ್ಟು ಮಾಡಿದರೂ ಅಡ್ಡ ದಿಕ್ಕುಗಳೇ ಜಾಸ್ತಿ ಸಿಗುತ್ತವೆ. ಲೆಕ್ಕ ಹಾಕಿದರೆ ಸರಾಸರಿ 57.3 ಡಿಗ್ರಿ, ಸರಿಯಾಗಿ ಒಂದು ರೇಡಿಯನ್. ಅಂದರೆ ನಿಮಗೆ ಸಿಕ್ಕಿದ್ದು "ಏನೂ ಇಲ್ಲ" ಅನ್ನುವ ಉತ್ತರ, ಅದೂ ಬಹಳ ಚೆನ್ನಾಗಿ ಸಿಕ್ಕಿದೆ :) ನಾನೂ ಒಮ್ಮೆ ಇದೇ ತಪ್ಪು ಮಾಡಿ ಎರಡು ಪುಟ ತೀರ್ಮಾನ ಬರೆದು ಆಮೇಲೆ ಹರಿದು ಹಾಕಿದ್ದೇನೆ.

ಇದಕ್ಕೇ ಎಲ್ಲರೂ ಕೋನದ ಬದಲು ಅದರ ಕೊಸೈನ್ ಬಳಸುವುದು. ನಂಟಿಲ್ಲದಿದ್ದರೆ ಅದು 0ಯಿಂದ 1ರವರೆಗೆ ಸಮನಾಗಿ ಹರಡುತ್ತದೆ, ಸರಾಸರಿ 0.5.

ಇನ್ನೊಂದು ತೊಡಕಿದೆ. ವಾಲಿದ ತಟ್ಟೆಯ ಫೋಟೋ ನೋಡಿದರೆ ಎಷ್ಟು ವಾಲಿದೆ ಎಂದು ತಿಳಿಯುತ್ತದೆ, ಯಾವ ಅಂಚು ನಮ್ಮ ಕಡೆಗಿದೆ ಎಂದು ತಿಳಿಯುವುದಿಲ್ಲ. ಒಂದೇ ಫೋಟೋಗೆ ಎರಡು ಅಕ್ಷಗಳು ಹೊಂದುತ್ತವೆ. ಧೂಳಿನ ಪಟ್ಟಿ ಕಂಡರೆ ಹತ್ತಿರದ ಅಂಚು ಯಾವುದೆಂದು ತಿಳಿಯುತ್ತದೆ, ಬಚಾವು, ಇಲ್ಲದಿದ್ದರೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸುಳಿಗಾಳಿ:
ಲೆಕ್ಕ ಸರಿಯಾಯಿತು, ಕಾರಣ ನಾನು ಹೇಳುತ್ತೇನೆ, ನನಗೆ ಇಷ್ಟವಾದ ಭಾಗ ಇದೇ.

ಗೆಲಾಕ್ಸಿಗೆ ಮೊದಲ ತಿರುವು ಕೊಡುವುದು ಅಕ್ಕಪಕ್ಕದವರು. ಶುರುವಿನಲ್ಲಿ ಅದು ಒಂದು ಒರಟು ಮುದ್ದೆ, ಗುಂಡಗಿರುವುದಿಲ್ಲ. ಸುತ್ತಲಿನ ರಾಶಿ ಅದರ ಒಂದು ತುದಿಯನ್ನು ಜಾಸ್ತಿ, ಇನ್ನೊಂದನ್ನು ಕಡಿಮೆ ಎಳೆಯುತ್ತದೆ, ಮುದ್ದೆ ತಿರುಗಲು ಶುರು. 1949ರಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಹೇಳಿದ ಯೋಚನೆ ಇದು, 1969ರಲ್ಲಿ ಇನ್ನೊಬ್ಬ ವಿಜ್ಞಾನಿ ಪೀಬಲ್ಸ್ ಲೆಕ್ಕಕ್ಕೆ ಇಳಿಸಿದರು. ಮುದ್ದೆ ಕುಸಿದು ಚಿಕ್ಕದಾದ ಮೇಲೆ ಹೊರಗಿನವರಿಗೆ ಹಿಡಿತ ಸಿಗುವುದಿಲ್ಲ. ಎಳೆಯನ್ನು ಕಟ್ಟಿದ್ದೂ ಅದೇ ಸುತ್ತಲಿನ ಸೆಳೆತ, ತಿರುವು ಕೊಟ್ಟಿದ್ದೂ ಅದೇ. ನಂಟು ಬರುವುದು ಅಲ್ಲಿಂದ.

ಆಮೇಲೆ ಗಾತ್ರದ ಮಾತು. ಅನಿಲ ಎಳೆಯೊಳಗೆ ಬೀಳುವಾಗ ಅದರ ಸುತ್ತ ಸುಳಿಯಾಗಿ ಬೀಳುತ್ತದೆ, ಅದರಲ್ಲಿ ಹುಟ್ಟಿದ ಸಣ್ಣ ಗೆಲಾಕ್ಸಿಯ ಅಕ್ಷ ಎಳೆಯ ಉದ್ದಕ್ಕೆ ನಿಲ್ಲುತ್ತದೆ. ದೊಡ್ಡವು ಬೆಳೆಯುವುದು ಬೇರೆಯವನ್ನು ನುಂಗಿ. ನುಂಗುವುದು ಎಳೆಯ ಉದ್ದಕ್ಕೇ ಬಂದು ಡಿಕ್ಕಿ ಹೊಡೆದವನ್ನು. ರಸ್ತೆಯಲ್ಲಿ ಇಬ್ಬರು ಎದುರುಬದುರು ಓಡಿ ಬಂದು, ಹಾದುಹೋಗುವಾಗ ಕೈ ಹಿಡಿದುಕೊಂಡರೆ ಏನಾಗುತ್ತದೆ? ಗರಗರ ತಿರುಗುತ್ತಾರೆ, ಆ ಅಕ್ಷ ರಸ್ತೆಗೆ ಅಡ್ಡವಾಗಿರುತ್ತದೆ. ಅಷ್ಟೇ ಕಥೆ. 2012ರ ಒಂದು ದೊಡ್ಡ ಸಿಮ್ಯುಲೇಶನ್‌ನಲ್ಲಿ ಉದ್ದದಿಂದ ಅಡ್ಡಕ್ಕೆ ಈ ಪಲ್ಟಿ ಆಗಿದ್ದು ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಸೆಳೆತದಿಂದಷ್ಟೇ ತಿಳಿಯುವ ದ್ರವ್ಯ) ಸೇರಿ ಸುಮಾರು 5 ಲಕ್ಷ ಕೋಟಿ ಸೂರ್ಯರ ತೂಕದಲ್ಲಿ. ನಮ್ಮ ಕ್ಷೀರಪಥ ಸುಮಾರು 1 ಲಕ್ಷ ಕೋಟಿ, ಲೆಕ್ಕಕ್ಕೆ ಸಣ್ಣವರ ಗುಂಪಿನಲ್ಲೇ. 2013ರಲ್ಲಿ ಟೆಂಪೆಲ್ ಮತ್ತು ಲಿಬೆಸ್ಕಿಂಡ್ ಇದೇ ಸ್ಲೋನ್ ಡೇಟಾದಲ್ಲಿ ನೋಡಿದ್ದೂ ಇದಕ್ಕೆ ಹೊಂದುತ್ತದೆ: ಸುರುಳಿಗಳು ಎಳೆಯ ಉದ್ದಕ್ಕೆ, ದೀರ್ಘವೃತ್ತದ ಮತ್ತು ಮಸೂರದ ಆಕಾರದವು ಅಡ್ಡಕ್ಕೆ.

ಎಳೆಗಳೂ ತಿರುಗುತ್ತವೆ, ಗೊತ್ತಾ? 2021ರಲ್ಲಿ ಸಾವಿರಾರು ಎಳೆಗಳ ಡೇಟಾ ಒಂದರ ಮೇಲೊಂದು ಜೋಡಿಸಿ ನೋಡಿದಾಗ ಒಂದು ಪಕ್ಕ ನಮ್ಮತ್ತ, ಇನ್ನೊಂದು ಪಕ್ಕ ಆಚೆ, ಸೆಕೆಂಡಿಗೆ ಸುಮಾರು 100 ಕಿಮೀವರೆಗೆ ವೇಗ ಕಂಡಿತು.

ಹಾದಿಹೋಕ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಜೇಮ್ಸ್ ವೆಬ್ ದೂರದರ್ಶಕದ ಫೋಟೋದಲ್ಲಿ 263 ಗೆಲಾಕ್ಸಿಗಳಲ್ಲಿ ಹೆಚ್ಚಿನವು ಒಂದೇ ಕಡೆ ತಿರುಗುತ್ತಿವೆ, ಇಡೀ ಬ್ರಹ್ಮಾಂಡವೇ ತಿರುಗುತ್ತಿದೆ ಅಂತ 2025ರಲ್ಲಿ ಸುದ್ದಿ ಬಂದಿತ್ತಲ್ಲ, ಇದೇನಾ ಅದು?

ಮೂಲೆಮನೆ ದುರ್ಬೀನು:
ಅಲ್ಲ, ಅದು ಬೇರೆ. ಇಲ್ಲಿ ಕೇಳುತ್ತಿರುವುದು ಅಕ್ಷ ಎಳೆಯ ಉದ್ದಕ್ಕಿದೆಯಾ ಅಡ್ಡಕ್ಕಿದೆಯಾ ಎಂದು. ಅಲ್ಲಿ ಕೇಳಿದ್ದು ನಮ್ಮ ಕಣ್ಣಿಗೆ ಎಡಸುತ್ತಾ ಬಲಸುತ್ತಾ ಎಂದು. ಆ ಎಣಿಕೆ ನನಗೆ ನಂಬಿಕೆ ಹುಟ್ಟಿಸಿಲ್ಲ. ಗೆಲಾಕ್ಸಿ ಝೂ ಎಂಬ ಆನ್‌ಲೈನ್ ಯೋಜನೆಯಲ್ಲಿ 2007ರಿಂದ ಸಾಮಾನ್ಯ ಜನ ಲಕ್ಷಗಟ್ಟಲೆ ಚಿತ್ರ ನೋಡಿ ಗುರುತು ಹಾಕಿದರು. ಎಡಸುತ್ತು ಜಾಸ್ತಿ ಬಂತು. ಅನುಮಾನ ಬಂದು ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ತೋರಿಸಿದರು. ಆಗ ಬಲಸುತ್ತು ಜಾಸ್ತಿ ಬರಬೇಕಿತ್ತು. ಮತ್ತೆ ಎಡಸುತ್ತೇ ಜಾಸ್ತಿ! ವಾಲಿದ್ದು ಆಕಾಶ ಅಲ್ಲ, ನೋಡುವವರು.

ಬುಗುರಿಪ್ರಿಯ:
ಕೊಸೈನ್‌ನಲ್ಲಿ ಮತ್ತೆ ಹಾಕಿದೆ. 0.51 ಬಂತು, ಆಚೀಚೆ 0.05. ಅಂದರೆ ಕೈಗೆ ಏನೂ ಹತ್ತಿಲ್ಲ. ಇನ್ನೆಷ್ಟು ಗೆಲಾಕ್ಸಿ ಬೇಕು?

ಸುಳಿಗಾಳಿ:
ಈ ನಂಟು ನೂರಕ್ಕೆ ಒಂದೆರಡು ಭಾಗದ್ದು. 0.51 ನಿಜವೇ ಎಂದು ಧೈರ್ಯವಾಗಿ ಹೇಳಲು ಏಳು ಸಾವಿರಕ್ಕಿಂತ ಜಾಸ್ತಿ ಬೇಕು. ಸ್ಲೋನ್‌ನಲ್ಲಿ ಬೇಕಾದಷ್ಟಿವೆ, ಆದರೆ ಕೈಯಲ್ಲಿ ಅಳೆಯಲು ಹೋಗಬೇಡಿ, ಕೆಟಲಾಗ್‌ನಲ್ಲೇ ಅಳತೆ ಇದೆ. ಮತ್ತೆ ನೇರ ನಮ್ಮ ಕಡೆಗೇ ಚಾಚಿದ ಎಳೆಗಳನ್ನು ಮೊದಲೇ ತೆಗೆದುಬಿಡಿ. ದೂರವನ್ನು ರೆಡ್‌ಶಿಫ್ಟ್‌ನಿಂದ (ದೂರ ಸರಿಯುವ ಗೆಲಾಕ್ಸಿಯ ಬೆಳಕು ಕೆಂಪಿನ ಕಡೆಗೆ ಸರಿಯುವುದು) ಅಳೆಯುವಾಗ, ಗೆಲಾಕ್ಸಿ ಗುಚ್ಛದೊಳಗೆ ಗೆಲಾಕ್ಸಿಗಳು ಓಡಾಡುವ ವೇಗವೂ ಸೇರಿಕೊಂಡು ಗುಂಡಗಿನ ಗುಂಪು ಕೂಡ ಉದ್ದದ ಎಳೆಯ ಹಾಗೆ ಕಾಣುತ್ತದೆ. ನಿಮ್ಮ ಆ 40ರ ಎಳೆ ಯಾವ ದಿಕ್ಕಿಗಿತ್ತು?

ಬುಗುರಿಪ್ರಿಯ:
ನಮ್ಮ ಕಡೆಗೇ 😐