‘ಹಿಂಮುಖ ಸೀಟು’, ‘ಕೂಸಿನ ಸೀಟು’: ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಿಗೆ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಕಾರಿನಲ್ಲಿ ಕೂಸನ್ನು ಹೇಗೆ ಕೂರಿಸಬೇಕು ಅನ್ನುವುದೇ ವಿಷಯ. ಪದಗಳೇ ಸಿಗುತ್ತಿಲ್ಲ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ‘ಚೈಲ್ಡ್ ರಿಸ್ಟ್ರೇಂಟ್ ಸಿಸ್ಟಂ’ (ಕಾರಿನ ಸೀಟಿನ ಮೇಲೆ ಬಿಗಿದು ಮಗುವನ್ನು ಕೂರಿಸುವ ಪುಟ್ಟ ಸೀಟಿನಂಥದ್ದು) ಇರಲೇಬೇಕು. ಇಲ್ಲದಿದ್ದರೆ 1,000 ರೂಪಾಯಿ ದಂಡ. ಇದನ್ನು ‘ಮಕ್ಕಳ ನಿರ್ಬಂಧ ವ್ಯವಸ್ಥೆ’ ಅಂದರೆ ಕೂಸಿಗೆ ಶಿಕ್ಷೆ ಕೊಟ್ಟಂತೆ ಕೇಳುತ್ತದೆ. ‘ಕಾರ್ ಸೀಟು’ ಅಂದರೆ, ‘ಕಾರಿನಾಗ ಸೀಟ್ ಅದಲ್ಲ, ಮತ್ತ್ಯಾವ ಸೀಟು?’ ಅಂತಾರೆ. ಸದ್ಯಕ್ಕೆ ‘ಕೂಸಿನ ಸೀಟು’ ಅಂತ ಬರೆದಿದ್ದೇನೆ.

ಜಾಸ್ತಿ ತೊಡಕಿರುವುದು ‘ಹಿಂಮುಖ ಸೀಟು’ ಅನ್ನುವಲ್ಲಿ. ಎಳೆಕೂಸಿನ ತಲೆ ಭಾರ, ಕತ್ತು ಮೆತ್ತಗೆ. ಹಾಗಾಗಿ ಅದರ ಮುಖ ಕಾರಿನ ಹಿಂದಿನ ಗಾಜಿನ ಕಡೆ ಇರಬೇಕು. ಎದುರಿಗೆ ಡಿಕ್ಕಿಯಾದಾಗ ಹೊಡೆತವನ್ನು ಬೆನ್ನು, ಕತ್ತು, ತಲೆ ಎಲ್ಲಾ ಸೇರಿ ತಡೆಯುತ್ತವೆ. ಆದರೆ ‘ಹಿಂಮುಖ ಸೀಟು’ ಅಂತ ಓದಿದವರು ‘ಹಿಂದಿನ ಸೀಟು’ ಅಂದುಕೊಳ್ಳುತ್ತಾರೆ! ಹಿಂದೆ ಕೂರಿಸಿದರೆ ಮುಗಿಯಿತು ಅಂತ ಕೂಸನ್ನು ಮುಂದಕ್ಕೆ ಮುಖ ಮಾಡಿಯೇ ಕೂರಿಸಿಬಿಡುತ್ತಾರೆ. ಇನ್ನು ಕೆಲವರು ಈ ಸೀಟನ್ನೇ ಡ್ರೈವರ್ ಪಕ್ಕ ಇಟ್ಟರೆ ಏರ್‌ಬ್ಯಾಗ್ ಉಬ್ಬಿ ಸೀಟಿನ ಬೆನ್ನಿಗೇ ಬಡಿಯುತ್ತದೆ. ಒಂದು ಪದ ಎರಡೂ ಕಡೆ ಕೈ ಕೊಡುತ್ತದೆ, ಅಲ್ವಾ? ‘ಕೂಸಿನ ಮುಖ ಹಿಂದಿನ ಗಾಜಿಗೆ’ ಅಂತ ಬರೆದರೆ ತಪ್ಪು ಓದಲು ಜಾಗವಿಲ್ಲ. ಆದರೆ ಉದ್ದವಾಯಿತು.

ಸ್ವಲ್ಪ ದೊಡ್ಡ ಮಕ್ಕಳ ‘ಬೂಸ್ಟರ್’ಗೆ ‘ಮಣೆ’ ಅಂದರೆ ಹೇಗೆ? ಅದು ಮಾಡುವುದೂ ಅಷ್ಟೇ ತಾನೇ, ಮಗುವನ್ನು ಸ್ವಲ್ಪ ಎತ್ತರಿಸುತ್ತದೆ. ಆಗ ಬೆಲ್ಟ್ ಕತ್ತಿಗೆ ಸಿಗದೆ ಹೆಗಲ ಮೇಲೆ ಬರುತ್ತದೆ, ಹೊಟ್ಟೆ ಬಿಟ್ಟು ಸೊಂಟದ ಎಲುಬಿನ ಮೇಲೆ ಕೂರುತ್ತದೆ. ‘ಬೆಲ್ಟ್ ಮಣೆ’ ನನಗಂತೂ ಹಿಡಿಸಿದೆ.

‘ಧರಿಸಿ’ ಬೇಡ, ‘ಹಾಕಿ’ ಸಾಕು. ಇಲ್ಲಿ ಎಲ್ಲರೂ ‘ಬೆಲ್ಟ್ ಹಾಕ್ರಿ’ ಅಂತಲೇ ಅನ್ನುವುದು.

ಇನ್ನೊಂದು ಮಾತು ಕರಪತ್ರದಲ್ಲಿ ಬರಲೇಬೇಕು. ಗಾಣಗಾಪುರಕ್ಕೋ ಹುಮನಾಬಾದಿಗೋ ಹೊರಟಾಗ ಕಾರು ತುಂಬಿದರೆ ಮೊದಲು ಬರುವ ಮಾತು, ‘ಕೂಸಿಗಿ ತೊಡಿ ಮ್ಯಾಲ ಕುಂದ್ರಿಸ್ಕೋ’. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾದರೆ 10 ಕಿಲೋ ಕೂಸನ್ನು ಯಾವ ತಾಯಿಯ ತೋಳೂ ಹಿಡಿದಿಡಲಾರದು. ಒಂದೇ ಬೆಲ್ಟಿನೊಳಗೆ ಇಬ್ಬರೂ ಸೇರಿದರೆ ತಾಯಿಯ ಭಾರ ಕೂಸಿನ ಮೇಲೇ ಬೀಳುತ್ತದೆ. ‘ಮಡಿಲಲ್ಲಿ ಕೂರಿಸಬೇಡಿ’ ಅಂದರೆ ನಾಟುವುದಿಲ್ಲ, ‘ತೊಡಿ ಮ್ಯಾಲ ಬ್ಯಾಡ’ ಅಂತಲೇ ಅಚ್ಚು ಹಾಕಿಸುತ್ತೇನೆ.

ಬೀದರ್, ಯಾದಗಿರಿ ಕಡೆಯವರು ಈ ಎಲ್ಲಕ್ಕೂ ಮನೆಯಲ್ಲಿ ಏನಂತೀರಿ, ಬರೆಯಿರಿ. ‘ಕೂಸಿನ ಮುಖ ಹಿಂದಿನ ಗಾಜಿಗೆ’ ಅನ್ನುವುದನ್ನು ಮನೆಯವರಿಗೆ ಓದಿ ಹೇಳಿ, ಅವರಿಗೆ ಏನು ತಿಳಿಯಿತು ಅಂತಲೂ ಕೇಳಿ ತಿಳಿಸಿ.