ಪೈಪ್‌ಲೈನ್ ಮೇಲ್ಗಡೆ ಇಳಿಜಾರಲ್ಲಿ ಬಿರುಕು ಬಿಟ್ಟಿದೆ, ಸ್ಟ್ರೇನ್ ಗೇಜ್ ಹಾಕಿದ್ರೆ ಸಾಕಾ?

ಲೈನ್‌ನಡಿಗೆ:
ಗ್ಯಾಸ್ ಪೈಪ್‌ಲೈನ್ ಪೆಟ್ರೋಲಿಂಗ್ ಕೆಲಸ ನಂದು. ಒಂದು ಕಡೆ ನಮ್ಮ ಲೈನ್ ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಹೋಗುತ್ತೆ, ಮಳೆಗಾಲ ಮುಗಿದ ಮೇಲೆ ಅಲ್ಲಿ ಪೈಪ್‌ಗಿಂತ ಮೇಲ್ಗಡೆ ಬಿಲ್ಲಿನ ಥರ ಬಾಗಿರೋ ಬಿರುಕು ಕಾಣಿಸ್ತು. ಎರಡೂ ಕಡೆ ಗೂಟ ಹೊಡೆದು ಟೇಪ್ ಹಿಡಿದು ಅಳೀತಾ ಇದೀನಿ, ಎರಡು ತಿಂಗಳಲ್ಲಿ ಮೂರು ಬೆರಳು ಅಗಲ ಆಗಿದೆ. ಅದರ ಕೆಳಗಿನ ಮರಗಳು ಬುಡದಲ್ಲಿ ವಾಲಿ ತುದಿ ಮಾತ್ರ ನೆಟ್ಟಗಿವೆ. ಆಫೀಸಲ್ಲಿ ಸ್ಟ್ರೇನ್ ಗೇಜ್ (ಪೈಪ್ ಎಷ್ಟು ಎಳೆತ ತಿಂತಿದೆ ಅಂತ ಅಳೆಯೋ ಪಟ್ಟಿ) ಅಂಟಿಸೋಣ, ಸ್ಟೀಲ್ ಪೈಪ್ ಸ್ವಲ್ಪ ಬಾಗಿದ್ರೆ ಏನಾಗಲ್ಲ ಅಂತಾರೆ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ.

ವೆಲ್ಡ್‌ಕಣ್ಣು:
ಮರ ಬುಡದಲ್ಲಿ ವಾಲಿ ಮತ್ತೆ ನೆಟ್ಟಗೆ ಬೆಳೆದಿದೆ ಅಂದ್ರೆ ಆ ಮಣ್ಣು ವರ್ಷಗಟ್ಟಲೆಯಿಂದ ಜಾರ್ತಾ ಇರಬಹುದು, ಈ ಮಳೆಗಾಲದ ಕಥೆ ಮಾತ್ರ ಅಲ್ಲ. ಗೇಜ್ ಬೇಕು, ಆದ್ರೆ ಅಂಟಿಸಿದ ದಿನ ಅದು ಸೊನ್ನೆಯಿಂದ ಶುರು ಮಾಡುತ್ತೆ, ಅಷ್ಟರಲ್ಲಾಗ್ಲೇ ಪೈಪ್ ಎಷ್ಟು ಎಳೆತ ತಿಂದಿದೆ ಅಂತ ಅದು ಹೇಳಲ್ಲ. ಹಳೇ ಲೆಕ್ಕ ಸಿಗಬೇಕಂದ್ರೆ ಪಿಗ್ (ಪೈಪ್ ಒಳಗೇ ಸಾಗಿ ತಪಾಸಣೆ ಮಾಡೋ ಯಂತ್ರ) ಓಡಿಸಿ, ಅದರಲ್ಲಿ ಐಎಂಯು, ಅಂದ್ರೆ ಚಲನೆ, ತಿರುವು ಅಳೆಯೋ ಸಾಧನ ಇರ್ಲಿ, ಹಿಂದಿನ ರನ್ ಇದ್ರೆ ಎರಡನ್ನೂ ಹೋಲಿಸಿ ನೋಡಿ, ಪೈಪ್ ಎಲ್ಲಿ ಎಷ್ಟು ಬಾಗಿದೆ ಅಂತ ಗೊತ್ತಾಗುತ್ತೆ. ಆದ್ರೆ ಅದಕ್ಕೆ ಕಾಣೋದು ಬಾಗು ಮಾತ್ರ, ಉದ್ದಕ್ಕೆ ನೇರ ಎಳೆದಿರೋದು ಕಾಣಲ್ಲ. ಗೇಜ್‌ಗಳನ್ನ ಜಾರೋ ಜಾಗದ ಎರಡೂ ಅಂಚಲ್ಲಿ ಹಾಕ್ಸಿ, ಪೈಪ್ ಹೆಚ್ಚು ಬಾಗೋದು ಅಲ್ಲೇ. ‘ಸ್ಟೀಲ್ ಬಾಗುತ್ತೆ’ ಅನ್ನೋದು ನಿಜ, ಆದ್ರೆ ಜಾಯಿಂಟ್ ವೆಲ್ಡ್ ಅಷ್ಟು ತಡ್ಕೊಳ್ಳಲ್ಲ.

ಮಣ್ಣುನೀರು:
ಮೇಲಿನವರು ಹೇಳಿದ್ದು ಸರಿ, ಆದ್ರೆ ಮೊದಲು ನೀರು ನೋಡಿ ಸರ್. 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪ್ಪಿಯ ಸಟಾರ್ಷಿಯಾ ಹತ್ರ ಕಾರ್ಬನ್ ಡೈಆಕ್ಸೈಡ್ ಲೈನ್ ಒಡೆದದ್ದು ಹೀಗೇನೇ, ಜೋರು ಮಳೆ, ಇಳಿಜಾರು ಜಾರ್ತು, ವೆಲ್ಡ್ ಬಿಡ್ತು, ಸುಮಾರು 200 ಜನ ಮನೆ ಬಿಟ್ಟು ಓಡಬೇಕಾಯ್ತು. ಆ ಬಿರುಕನ್ನ ಈಗಲೇ ಜೇಡಿಮಣ್ಣು ತುಂಬಿ ದಮ್ಮಸು ಮಾಡಿ, ಮಳೆ ನೀರು ನೇರ ಒಳಗೆ ಇಳೀತಿರುತ್ತೆ. ಅದಕ್ಕೂ ಮೇಲ್ಗಡೆ ಚರಂಡಿ ತೆಗೆದು ನೀರು ಪಕ್ಕಕ್ಕೆ ಹೊರಳಿಸಿ. ಪೈಪ್ ಹೂತಿರೋ ಟ್ರೆಂಚೇ ಒಳಗೊಳಗೆ ಕಾಲುವೆ ಆಗಿರಬಹುದು, ಮೆತ್ತಗಿನ ಮಣ್ಣಲ್ವಾ. ಕೆಳಗಡೆ ಎಲ್ಲಾದ್ರೂ ಒರತೆ ಇದ್ಯಾ?

ಲೈನ್‌ನಡಿಗೆ:
ಇದೆ ಸರ್! ಪೈಪ್‌ನಿಂದ ಸುಮಾರು ನಲವತ್ತು ಹೆಜ್ಜೆ ಕೆಳಗೆ ಬೇಸಿಗೇಲೂ ಜವುಗು, ಬೂಟ್ ಹೂತ್ಕೊಳ್ಳುತ್ತೆ. ಇನ್ನೂ ಕೆಳಗೆ ಗುಡ್ಡದ ಬುಡದಲ್ಲಿ ದಾರಿ ಅಗಲ ಮಾಡೋಕೆ ಮಣ್ಣು ಕಡಿದಿದಾರೆ.

ಮಣ್ಣುನೀರು:
ಬುಡ ಕಡಿದಿದ್ದೇ ದೊಡ್ಡ ತಪ್ಪು, ಗುಡ್ಡಕ್ಕೆ ಆಸರೆ ಅದೇ. ಅಲ್ಲಿ ಇನ್ನೊಂದು ಬುಟ್ಟಿ ಮಣ್ಣೂ ತೆಗೆಯೋಕೆ ಬಿಡಬೇಡಿ, ಕಲ್ಲು ಪೇರಿಸಿ ಭಾರ ಕೊಡ್ಸಿ, ನೀರು ಆಚೆ ಬರೋ ಹಾಗಿರ್ಲಿ.

ವೆಲ್ಡ್‌ಕಣ್ಣು:
ಎಳೆತ ಜಾಸ್ತಿ ಅಂತ ಗೊತ್ತಾದ್ರೆ ಒಣ ದಿನಗಳಲ್ಲಿ, ಪ್ರೆಶರ್ ಇಳಿಸಿ, ಪೈಪ್ ಸುತ್ತ ಮಣ್ಣು ಬಿಡಿಸ್ತಾರೆ, ಆಗ ಪೈಪ್ ತಾನಾಗೇ ಸ್ವಲ್ಪ ಹಿಂದಕ್ಕೆ ಸರಿದು ಸಡಿಲ ಆಗುತ್ತೆ. ಆದ್ರೆ ಮಣ್ಣಿನ ಇಂಜಿನಿಯರ್ ನೋಡದೆ ಅಗೀಬೇಡಿ, ಅಗೆದದ್ದಕ್ಕೇ ಗುಡ್ಡ ಇಳಿಯಬಹುದು. ನೆಲ ಸರಿಯುತ್ತೆ ಅಂತ ಮೊದಲೇ ಒಪ್ಕೊಂಡು ಕಟ್ಟಿದ್ರೆ ಲೈನ್ ಉಳಿಯುತ್ತೆ: ಅಲಾಸ್ಕಾದಲ್ಲಿ ದೆನಾಲಿ ಫಾಲ್ಟ್ (ಭೂಕಂಪದಲ್ಲಿ ನೆಲ ಸರಿಯೋ ಭೂಮಿಯ ಬಿರುಕು) ದಾಟೋ ಕಡೆ ಎಣ್ಣೆ ಪೈಪನ್ನ ನೆಲದ ಮೇಲೆ ತೊಲೆಗಳ ಮೇಲೆ ಜಾರೋ ಹಾಗೆ ಕೂರಿಸಿದ್ರು, 2002ರಲ್ಲಿ 7.9 ತೀವ್ರತೆಯ ಭೂಕಂಪಕ್ಕೆ ನೆಲ ನಾಲ್ಕು ಮೀಟರ್‌ಗಿಂತ ಜಾಸ್ತಿ ಸರಿದ್ರೂ ಎಣ್ಣೆ ಸೋರಲಿಲ್ಲ. ನಿಮ್ದು ಹೂತಿರೋ ಲೈನ್, ಆ ಅನುಕೂಲ ಇಲ್ಲ. ಗೂಟದ ಅಳತೆ ತಾರೀಖು ಸಮೇತ ಬರೆದಿಟ್ಟಿದ್ದೀರಲ್ಲ, ಅದರ ಜೊತೆ ಪ್ರತಿದಿನದ ಮಳೆ ಎಷ್ಟು ಅಂತಾನೂ ಬರೀರಿ, ಆ ಹಾಳೆ ತಗೊಂಡು ನಾಳೆನೇ ಆಫೀಸಿಗೆ ಹೋಗಿ.

ಲೈನ್‌ನಡಿಗೆ:
ತಾರೀಖು ಇದೆ, ಮಳೆ ಬರೆದಿಲ್ಲ. ಇವತ್ತಿಂದ ಬರೀತೀನಿ. ಜೇಡಿಮಣ್ಣಿಗೆ ಈಗಲೇ ಫೋನ್ ಮಾಡ್ತೀನಿ.